ಆಗಸದ ಕಾಳಗ, ಅಂಚಿನಲ್ಲೊಂದು ಸಹಿ

1943ರ ಡಿಸೆಂಬರ್ 20. ಜರ್ಮನಿಯ ಬ್ರೆಮೆನ್ ನಗರದ ಮೇಲೆ ಬಾಂಬ್ ಹಾಕಿ ಹಿಂದಿರುಗುತ್ತಿದ್ದ ಅಮೆರಿಕದ ಬಿ-17 ವಿಮಾನವೊಂದು ತನ್ನ ಗುಂಪಿನಿಂದ ಹಿಂದೆ ಬಿದ್ದಿತ್ತು. ಮೂತಿಯ ಗಾಜು ಒಡೆದಿತ್ತು. ಬಾಲದ ಒಂದು ಭಾಗ ಕಿತ್ತುಹೋಗಿತ್ತು. ಮೈತುಂಬ ಗುಂಡಿನ ತೂತುಗಳು. ಒಳಗಿದ್ದ ಹತ್ತು ಮಂದಿಯಲ್ಲಿ ಒಬ್ಬ ಸತ್ತಿದ್ದ, ಹಲವರು ಗಾಯಗೊಂಡಿದ್ದರು. ವಿಮಾನ ನಡೆಸುತ್ತಿದ್ದ ಚಾರ್ಲಿ ಬ್ರೌನ್ ಅವರಿಗೆ ಆಗ 21 ವರ್ಷ.

ಕುಂಟುತ್ತ ಹೋಗುತ್ತಿದ್ದ ಈ ವಿಮಾನವನ್ನು ಜರ್ಮನಿಯ ಪೈಲಟ್ ಫ್ರಾಂಜ್ ಸ್ಟಿಗ್ಲರ್ ನೆಲದಿಂದ ನೋಡಿದರು. ತಕ್ಷಣ ತಮ್ಮ ಮೆಸ್ಸರ್‌ಶ್ಮಿಟ್ 109 ಏರಿ ಬೆನ್ನಟ್ಟಿದರು. ಅದನ್ನು ಕೆಡವುವುದು ಅವರಿಗೆ ಕಷ್ಟವೇ ಇರಲಿಲ್ಲ. ಆದರೆ ಹತ್ತಿರ ಬಂದಾಗ, ಒಡೆದ ಮೈಯ ಸಂದಿನಿಂದ ಒಳಗಿನ ಗಾಯಾಳುಗಳು ಕಂಡರು. ಅವರನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದ ಜೊತೆಗಾರರೂ ಕಂಡರು. ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವವನ ಮೇಲೆ ಗುಂಡು ಹಾರಿಸಬಾರದು ಎಂದು ಹಿಂದೊಮ್ಮೆ ಮೇಲಧಿಕಾರಿಯೊಬ್ಬರು ಸ್ಟಿಗ್ಲರ್‌ಗೆ ಕಟ್ಟಪ್ಪಣೆ ಮಾಡಿದ್ದರು. ಈ ಮುರುಕು ವಿಮಾನದಲ್ಲಿ ಇರುವವರೂ ಪ್ಯಾರಾಚೂಟಿನಲ್ಲಿ ಇರುವವರಂತೆಯೇ ಅಲ್ಲವೇ ಎಂದು ಅವರಿಗೆ ಅನ್ನಿಸಿತು. ಅವರು ಗುಂಡಿ ಒತ್ತಲಿಲ್ಲ. ಪಕ್ಕದಲ್ಲೇ ಹಾರುತ್ತ ಸಮುದ್ರದವರೆಗೆ ಜೊತೆಗೆ ಬಂದು, ಸೆಲ್ಯೂಟ್ ಹೊಡೆದು, ವಿಮಾನ ತಿರುಗಿಸಿಕೊಂಡು ಹೋದರು. ಬ್ರೌನ್ ಹೇಗೋ ಇಂಗ್ಲೆಂಡಿನ ನೆಲ ಮುಟ್ಟಿದರು.

ಶತ್ರುವನ್ನು ಬಿಟ್ಟು ಕಳುಹಿಸಿದ ವಿಷಯವನ್ನು ಸ್ಟಿಗ್ಲರ್ ಯಾರಿಗೂ ಹೇಳುವಂತಿರಲಿಲ್ಲ. ಹೇಳಿದ್ದರೆ ಪ್ರಾಣಕ್ಕೇ ಸಂಚಕಾರ. ಬ್ರೌನ್‌ಗೂ ಅವರ ಅಧಿಕಾರಿಗಳು ಸುಮ್ಮನಿರಲು ಹೇಳಿದರು. ಬಹಳ ವರ್ಷಗಳ ಬಳಿಕ ಬ್ರೌನ್ ಹುಡುಕಾಟ ಶುರುಮಾಡಿದರು. ಕಡೆಗೆ 1990ರಲ್ಲಿ ಆ ಅಪರಿಚಿತ ಕೆನಡಾದಲ್ಲಿ ಸಿಕ್ಕರು. ಅಂದಿನಿಂದ ಇಬ್ಬರೂ ಒಡಹುಟ್ಟಿದವರಂತೆ ಬಾಳಿ, 2008ರಲ್ಲಿ ಕೆಲವು ತಿಂಗಳುಗಳ ಅಂತರದಲ್ಲಿ ತೀರಿಕೊಂಡರು.

ಸೆಲ್ಯೂಟ್ ಹೊಡೆದ ಆ ಕ್ಷಣದ ಒಂದು ಫೋಟೊ ಕೂಡ ಇಲ್ಲ. ಆದರೂ ಅದನ್ನು ಲಕ್ಷಾಂತರ ಜನ ನೋಡಿದ್ದಾರೆ! ಹೇಗೆಂದರೆ, ಹಲವು ಕಲಾವಿದರು ಆ ದೃಶ್ಯವನ್ನು ಬಣ್ಣದಲ್ಲಿ ಬರೆದಿದ್ದಾರೆ. ಅದರ ಅಚ್ಚು ಪ್ರತಿಗಳು ಎಷ್ಟೋ ಮನೆಗಳ ಗೋಡೆಯ ಮೇಲಿವೆ. ಕೆಲವು ಪ್ರತಿಗಳ ಕೆಳಗಿನ ಬಿಳಿ ಅಂಚಿನಲ್ಲಿ ಎರಡು ಸಹಿಗಳಿವೆ. ಒಂದು ಬ್ರೌನ್ ಅವರದು, ಇನ್ನೊಂದು ಸ್ಟಿಗ್ಲರ್ ಅವರದು.

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ ಕೂಡಿಡುವವರನ್ನು ನಾವೆಲ್ಲ ಕಂಡಿದ್ದೇವೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಯುದ್ಧವಿಮಾನಗಳ ಇಂಥ ಚಿತ್ರಗಳನ್ನು ಕೂಡಿಡುವವರ ದೊಡ್ಡ ಬಳಗವೇ ಇದೆ. ಇದಕ್ಕೆ ವೈಮಾನಿಕ ಚಿತ್ರಕಲೆ ಎಂದು ಹೆಸರು. ಇದಕ್ಕೆ ತನ್ನದೇ ಆದ ಸಂಘಗಳಿವೆ, ಪ್ರದರ್ಶನಗಳಿವೆ, ಮಾರುಕಟ್ಟೆಯಿದೆ, ಜಗಳಗಳೂ ಇವೆ. ಆದರೆ ಕೊಳ್ಳುವವರು ನಿಜವಾಗಿ ಕೊಳ್ಳುವುದು ಏನನ್ನು? ಕಾಗದವನ್ನೇ, ಬಣ್ಣವನ್ನೇ ಅಥವಾ ಅಂಚಿನಲ್ಲಿರುವ ಆ ಪೆನ್ಸಿಲ್ ಗೀರನ್ನೇ?

ಕ್ಯಾಮೆರಾ ಕಾಣದ ಕ್ಷಣ

ಎರಡನೆಯ ಮಹಾಯುದ್ಧದ ಹೊತ್ತಿಗೆ ಕ್ಯಾಮೆರಾ ಇತ್ತು, ಸಿನಿಮಾ ಇತ್ತು. ಹಾಗಿರುವಾಗ ಕುಂಚ ಹಿಡಿದು ಕೂರುವ ಅಗತ್ಯ ಏನಿತ್ತು ಎಂದು ಯಾರಾದರೂ ಕೇಳಬಹುದು.

ಅಂದಿನ ಯುದ್ಧವಿಮಾನಗಳಲ್ಲಿ ಬಂದೂಕಿನ ಜೊತೆಗೆ ಪುಟ್ಟ ಸಿನಿ ಕ್ಯಾಮೆರಾ ಜೋಡಿಸುತ್ತಿದ್ದುದು ನಿಜ. ಪೈಲಟ್ ಗುಂಡು ಹಾರಿಸಲು ಗುಂಡಿ ಒತ್ತಿದಾಗ ಅದೂ ಓಡುತ್ತಿತ್ತು. ಗುರಿ ತಾಗಿತೋ ಇಲ್ಲವೋ ಎಂದು ಆಮೇಲೆ ಪರೀಕ್ಷಿಸಲು ಅದು ಉಪಯೋಗವಾಗುತ್ತಿತ್ತು. ಆದರೆ ಅದರಲ್ಲಿ ಮೂಡುತ್ತಿದ್ದುದು ಕೆಲವೇ ಸೆಕೆಂಡುಗಳ, ನಡುಗುವ, ಮಸುಕಾದ ಚಿತ್ರ. ಬಂದೂಕಿನ ಮುಂದೆ ಇರುವುದಷ್ಟೇ ಅದಕ್ಕೆ ಕಾಣುತ್ತಿತ್ತು. ಗುಂಡು ಹಾರಿಸಿದವನು ಅದರಲ್ಲಿ ಇರುತ್ತಿರಲಿಲ್ಲ. ಇಡೀ ಆಕಾಶ, ಮೋಡ, ಸೂರ್ಯ, ಕೆಳಗಿನ ಹೊಲಗದ್ದೆ ಯಾವುದೂ ಇರುತ್ತಿರಲಿಲ್ಲ. ಸ್ಟಿಗ್ಲರ್ ಅವರ ಹಾಗೆ ಗುಂಡಿಯನ್ನೇ ಒತ್ತದವನ ಕಥೆಯಂತೂ ಆ ಕ್ಯಾಮೆರಾಕ್ಕೆ ಎಂದೂ ಸಿಗುತ್ತಿರಲಿಲ್ಲ.

ಕಾಳಗದ ವೇಗವನ್ನೂ ನೆನೆಯಬೇಕು. ಬ್ರಿಟನ್ನಿನ ಹೆಸರಾಂತ ಸ್ಪಿಟ್‌ಫೈರ್ ವಿಮಾನದ ಆರಂಭದ ಮಾದರಿಗಳಲ್ಲಿ ಎಂಟು ಮೆಷಿನ್ ಗನ್‌ಗಳಿದ್ದವು. ಒಂದೊಂದಕ್ಕೆ 300 ಗುಂಡು. ಒಂದು ಗನ್ ನಿಮಿಷಕ್ಕೆ ಸುಮಾರು 1,150 ಗುಂಡು ಹಾರಿಸುತ್ತಿತ್ತು. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಒಟ್ಟು ಸುಮಾರು 15 ಸೆಕೆಂಡು! ಅಷ್ಟರಲ್ಲಿ ಗುಂಡೆಲ್ಲ ಖಾಲಿ. ತಿಂಗಳುಗಟ್ಟಲೆ ತರಬೇತಿ ಪಡೆದ ಯುವಕನ ಇಡೀ ಶಸ್ತ್ರಬಲ ಇಷ್ಟು ಕಡಿಮೆ ಹೊತ್ತಿನದು. ಹೀಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಡೆದುಹೋದದ್ದು ಉಳಿದಿದ್ದು ಅಲ್ಲಿದ್ದವರ ನೆನಪಿನಲ್ಲಿ ಮಾತ್ರ. ಆ ನೆನಪಿಗೆ ರೂಪ ಕೊಡುವ ಕೆಲಸ ಚಿತ್ರಕಾರನ ಪಾಲಿಗೆ ಬಂತು.

ರಣರಂಗಕ್ಕೆ ಹೋದ ಕುಂಚ

ಈ ಕಲೆ ಹುಟ್ಟಿದ್ದು ಮೊದಲನೆಯ ಮಹಾಯುದ್ಧದಲ್ಲಿ. ಸಿಡ್ನಿ ಕಾರ್ಲೈನ್ ಎಂಬ ಬ್ರಿಟಿಷ್ ಚಿತ್ರಕಾರ ಸ್ವತಃ ಪೈಲಟ್ ಆಗಿದ್ದರು. ಇಟಲಿಯ ಬ್ರೆಂಟಾ ಕಣಿವೆಯಲ್ಲಿ ಆಸ್ಟ್ರಿಯಾದ ವಿಮಾನ ನಾಶವಾಗುವ ದೃಶ್ಯವನ್ನು ಅವರು 1918ರಲ್ಲಿ ಬರೆದರು. ಅದನ್ನು ನೋಡಿದರೆ, ವಿಮಾನಗಳಿಗಿಂತ ಬೆಟ್ಟಗಳ ಆಳವೇ ಎದೆ ನಡುಗಿಸುತ್ತದೆ. ಮೇಲಿನಿಂದ ನೆಲ ಹೇಗೆ ಕಾಣುತ್ತದೆಂಬುದು ಹಾರಿದವನಿಗೆ ಮಾತ್ರ ಗೊತ್ತಿದ್ದ ಕಾಲ ಅದು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರವೇ ಕಲಾವಿದರನ್ನು ಗೊತ್ತುಮಾಡಿ ಯುದ್ಧವನ್ನು ಚಿತ್ರಿಸಲು ಕಳುಹಿಸಿತು. ಅವರಲ್ಲಿ ಪಾಲ್ ನ್ಯಾಷ್ ಒಬ್ಬರು. ಉಬ್ಬಸದ ಕಾಯಿಲೆಯಿದ್ದ ನ್ಯಾಷ್ ವಿಮಾನ ಏರಿದವರಲ್ಲ. ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ, ಉರುಳಿಬಿದ್ದ ಜರ್ಮನ್ ವಿಮಾನಗಳನ್ನು ರಾಶಿ ಹಾಕಿದ್ದ ಜಾಗಕ್ಕೆ ಅವರು ಹೋದರು. ಬೆಳದಿಂಗಳಲ್ಲಿ ಆ ಮುರಿದ ರೆಕ್ಕೆಗಳು ಅಲೆಗಳ ಹಾಗೆ ಕಾಣುವಂತೆ ಒಂದು ಚಿತ್ರ ಬರೆದು ‘ಟೋಟೆಸ್ ಮೇರ್’ ಎಂದು ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಸತ್ತ ಸಮುದ್ರ. ಇಂದು ಅದು ಲಂಡನ್ನಿನ ಟೇಟ್ ಸಂಗ್ರಹಾಲಯದ ಸೊತ್ತು. ಆದರೆ ವಾಯುಪಡೆಯ ಅಧಿಕಾರಿಗಳಿಗೆ ನ್ಯಾಷ್ ಅವರ ರೀತಿ ಅಷ್ಟಾಗಿ ಹಿಡಿಸಲಿಲ್ಲ. ಅವರಿಗೆ ಬೇಕಾಗಿದ್ದುದು ತಮ್ಮ ಹುಡುಗರ ಮುಖಗಳು.

ಆ ಮುಖಗಳನ್ನು ಬರೆದವರು ಕತ್‌ಬರ್ಟ್ ಆರ್ಡ್. ಮೊದಲ ಯುದ್ಧದಲ್ಲಿ ತಾವೂ ಪೈಲಟ್ ಆಗಿದ್ದವರು. 1940ರಲ್ಲಿ ಒಂದು ವಾಯುನೆಲೆಯಿಂದ ಇನ್ನೊಂದಕ್ಕೆ ಸುತ್ತುತ್ತ ನೂರಕ್ಕೂ ಹೆಚ್ಚು ಯುವಕರನ್ನು ಎದುರಿಗೆ ಕೂರಿಸಿಕೊಂಡು ರೇಖಾಚಿತ್ರ ಬರೆದರು. ಕೂತವರಲ್ಲಿ ಕೆಲವರು ಮುಂದಿನ ಹಾರಾಟಗಳಿಂದ ಹಿಂದಿರುಗಲಿಲ್ಲ.

ಇನ್ನೊಬ್ಬರು ಫ್ರಾಂಕ್ ವೂಟನ್. ಹೊಲ, ಮರ, ಕುದುರೆ ಬರೆಯುವುದರಲ್ಲಿ ಪಳಗಿದ ಕೈ. 1944ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಹೋಗಿ, ಫಲೇಸ್ ಬಳಿ ಟೈಫೂನ್ ವಿಮಾನಗಳು ರಾಕೆಟ್ ಹಾರಿಸುವ ದೃಶ್ಯ ಬರೆದರು. ವಿಮಾನಗಳನ್ನು ಚಿತ್ರಿಸುವ ಕ್ರಮ ಹೇಳಿಕೊಡುವ ಅವರ ಪುಟ್ಟ ಪುಸ್ತಕ ಎಷ್ಟೋ ಹುಡುಗರಿಗೆ ಮೊದಲ ಪಾಠವಾಯಿತು. 1971ರಲ್ಲಿ ಬ್ರಿಟನ್ನಿನ ವೈಮಾನಿಕ ಕಲಾವಿದರ ಸಂಘ ಶುರುವಾದಾಗ ವೂಟನ್ ಅವರೇ ಅದರ ಮೊದಲ ಅಧ್ಯಕ್ಷರು. ಅಮೆರಿಕದ ಕಲಾವಿದರು ತಮ್ಮ ಸಂಘ ಕಟ್ಟಿದ್ದು 1986ರಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಕೀತ್ ಫೆರಿಸ್ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಗೋಡೆಯ ಮೇಲೆ 25 ಅಡಿ ಎತ್ತರ, 75 ಅಡಿ ಅಗಲದ ಭಿತ್ತಿಚಿತ್ರ ಬರೆದಿದ್ದಾರೆ. ಶತ್ರುಗಳ ದಾಳಿಯ ನಡುವೆ ಸಾಗುವ ಬಿ-17 ವಿಮಾನಗಳು ಅಲ್ಲಿ ನೋಡುವವರ ತಲೆಯ ಮೇಲೇ ಬಂದಂತೆ ಕಾಣುತ್ತವೆ.

ಕುಂಚದ ಹಿಂದಿನ ಲೆಕ್ಕ

ವಿಮಾನ ಬರೆಯುವುದು ಸುಲಭ, ಅದನ್ನು ಹಾರಿಸುವುದು ಕಷ್ಟ! ಚಿತ್ರಕಾರರ ಮಟ್ಟಿಗೂ ಈ ಮಾತು ನಿಜ. ಡ್ರಾಯಿಂಗ್ ಪುಸ್ತಕದಲ್ಲಿ ವಿಮಾನ ಬರೆದು, ಅದು ಗಾಳಿಯಲ್ಲಿ ತೂಗುಹಾಕಿದ ಆಟಿಕೆಯಂತೆ ಏಕೆ ಕಾಣುತ್ತದೆಂದು ತಲೆ ಕೆರೆದುಕೊಂಡ ಮಕ್ಕಳಿಗೆ ಇದು ಗೊತ್ತು.

ಮೊದಲನೆಯ ತೊಡಕು ಬೆಳಕಿನದು. ಚಿತ್ರದಲ್ಲಿ ಆರು ವಿಮಾನಗಳಿದ್ದು, ಆರೂ ಬೇರೆ ಬೇರೆ ಕಡೆಗೆ ವಾಲಿದ್ದರೂ ಸೂರ್ಯ ಒಬ್ಬನೇ. ಪ್ರತಿಯೊಂದರ ಮೇಲೂ ನೆರಳು ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕಬೇಕು. ಇದಕ್ಕಾಗಿ ಪುಟ್ಟ ಮಾದರಿ ವಿಮಾನವನ್ನು ದೀಪದ ಮುಂದೆ ಹಿಡಿದು ತಿರುಗಿಸಿ ನೋಡುವವರುಂಟು. ಎರಡನೆಯದು ಪ್ರೊಪೆಲ್ಲರ್. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಅಲಗುಗಳು ಕಣ್ಣಿಗೆ ಕಾಣುವುದಿಲ್ಲ. ಅಲಗು ಬರೆದರೆ ವಿಮಾನ ನಿಂತಂತೆ, ಏನೂ ಬರೆಯದಿದ್ದರೆ ಕಳಚಿಹೋದಂತೆ. ಮಂಜಿನಂಥ ಒಂದು ತಟ್ಟೆ ಮೂಡಿಸಬೇಕು.

ಮೂರನೆಯದು ದೂರ. ಮೆಸ್ಸರ್‌ಶ್ಮಿಟ್ 109ರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10 ಮೀಟರ್. ಒಂದು ಕಿಲೋಮೀಟರ್ ದೂರದಲ್ಲಿ ಅದು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತೇ? ಹೆಚ್ಚು ಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲ. ಗುಂಡು ಹಾರಿಸುವ ದೂರವಾದ ಸುಮಾರು 250 ಮೀಟರ್‌ಗೆ ಬಂದಾಗಲೂ, ಮುಂದಕ್ಕೆ ಚಾಚಿದ ಕೈಯ ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚೇನೂ ಇಲ್ಲ. ಈ ಸತ್ಯವನ್ನು ಇದ್ದಂತೆ ಬರೆದರೆ ಚಿತ್ರದಲ್ಲಿ ಒಂದು ವಿಮಾನವೂ ನಾಲ್ಕು ಚುಕ್ಕೆಗಳೂ ಇರುತ್ತವೆ, ಅಷ್ಟೇ. ಆದ್ದರಿಂದ ಕಲಾವಿದರು ದೂರವನ್ನು ಕುಗ್ಗಿಸಿ ವಿಮಾನಗಳನ್ನು ಒತ್ತೊತ್ತಾಗಿ ತರುತ್ತಾರೆ. ಗೋಡೆಯ ಮೇಲಿನ ಕಾಳಗ ನಿಜವಾದ ಕಾಳಗಕ್ಕಿಂತ ಕಿಕ್ಕಿರಿದಿರುವುದು ಇದೇ ಕಾರಣಕ್ಕೆ.

ಇದೊಂದು ಸಲಿಗೆ ಬಿಟ್ಟರೆ ಬೇರೆ ಯಾವ ತಪ್ಪನ್ನೂ ಸಂಗ್ರಾಹಕರು ಕ್ಷಮಿಸುವುದಿಲ್ಲ. ವಿಮಾನದ ಬದಿಯ ಅಕ್ಷರಗಳು ಯಾವ ದಳದವು, ಆ ತಿಂಗಳಲ್ಲಿ ಆ ದಳ ಯಾವ ಮಾದರಿಯನ್ನು ಹಾರಿಸುತ್ತಿತ್ತು, ಅಂದು ಮೋಡ ಕವಿದಿತ್ತೇ, ಬಿಸಿಲಿತ್ತೇ ಎಂದೆಲ್ಲ ಪ್ರಶ್ನೆ ಬರುತ್ತದೆ. ಹೀಗಾಗಿ ಒಂದು ಚಿತ್ರಕ್ಕೆ ಬಣ್ಣ ಹಚ್ಚುವ ಮೊದಲೇ ದಳದ ದಿನಚರಿ, ಪೈಲಟ್‌ಗಳ ಲಾಗ್‌ಬುಕ್, ಹಳೆಯ ಫೋಟೊಗಳನ್ನು ಹುಡುಕುತ್ತ ಎಷ್ಟೋ ದಿನ ಕಳೆಯುತ್ತದೆ. ಬದುಕಿದ್ದ ಪೈಲಟ್‌ಗಳ ಮುಂದೆ ಕರಡು ಚಿತ್ರ ಇಟ್ಟು ಸರಿಯೇ ಎಂದು ಕೇಳಿ ತಿದ್ದಿದವರೂ ಇದ್ದರು. ಅರ್ಧ ಚಿತ್ರಕಾರ, ಅರ್ಧ ಇತಿಹಾಸದ ವಿದ್ಯಾರ್ಥಿ ಆಗದೆ ಈ ಕೆಲಸ ಸಾಗದು.

ಪೆನ್ಸಿಲ್ ಸಹಿಯ ಬೆಲೆ

ಇಂಗ್ಲೆಂಡಿನ ಬಾತ್ ನಗರದಲ್ಲಿ 1946ರಲ್ಲಿ ಹುಟ್ಟಿದ ರಾಬರ್ಟ್ ಟೇಲರ್ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ದುಡಿಯುತ್ತ ತಾವೂ ಕುಂಚ ಹಿಡಿದವರು. ವಿಮಾನದ ಚಿತ್ರಗಳು ಸಾಮಾನ್ಯರ ಮನೆಗೂ ಬಂದದ್ದರಲ್ಲಿ ಅವರ ಪಾತ್ರ ದೊಡ್ಡದು. ಮೂಲ ತೈಲಚಿತ್ರ ಇರುವುದು ಒಂದೇ, ಅದು ಶ್ರೀಮಂತರ ಪಾಲು. ಆದರೆ ಅದರ ಅಚ್ಚು ತೆಗೆದು, ಇಂತಿಷ್ಟೇ ಪ್ರತಿ ಎಂದು ಮಿತಿ ಹಾಕಿ, ಪ್ರತಿಯೊಂದಕ್ಕೂ ಕಲಾವಿದ ಸಹಿ ಮಾಡಿದರೆ ಮಧ್ಯಮ ವರ್ಗದವರೂ ಕೊಳ್ಳಬಹುದು. ಟೇಲರ್ ಅವರ ಪ್ರಕಾಶಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ವಿಮಾನವನ್ನು ಹಾರಿಸಿದವರಿಂದಲೂ ಸಹಿ ಪಡೆದರು. ಅವರ ಆರಂಭದ ಮುದ್ರಣಗಳಲ್ಲೊಂದಾದ ‘ಸ್ಪಿಟ್‌ಫೈರ್’ ಮೇಲೆ ಡಗ್ಲಾಸ್ ಬೇಡರ್ ಮತ್ತು ಜಾನಿ ಜಾನ್ಸನ್ ಸಹಿ ಹಾಕಿದರು. 1931ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು, ಕೃತಕ ಕಾಲುಗಳಲ್ಲೇ ಮತ್ತೆ ಯುದ್ಧವಿಮಾನ ಹಾರಿಸಿದ ಬೇಡರ್ ಬ್ರಿಟನ್ನಿನಲ್ಲಿ ಮನೆಮಾತಾಗಿದ್ದವರು. 1987ರಲ್ಲಿ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯ ಟೇಲರ್ ಅವರೊಬ್ಬರ ಚಿತ್ರಗಳದೇ ಪ್ರದರ್ಶನ ಏರ್ಪಡಿಸಿತು.

ಈ ಮಾರುಕಟ್ಟೆಯ ಪರಿಭಾಷೆ ಸ್ವಾರಸ್ಯವಾಗಿದೆ. ಅಂಚಿನಲ್ಲಿ 85/500 ಎಂದು ಬರೆದಿದ್ದರೆ ಒಟ್ಟು ಐನೂರರಲ್ಲಿ ಎಂಬತ್ತೈದನೆಯ ಪ್ರತಿ ಎಂದರ್ಥ. ಕಲಾವಿದನ ಪಾಲಿಗೆಂದು ಬೇರೆ ತೆಗೆದಿರಿಸಿದ ಕೆಲವೇ ಪ್ರತಿಗಳಿಗೆ ‘ಆರ್ಟಿಸ್ಟ್ಸ್ ಪ್ರೂಫ್’ ಎನ್ನುತ್ತಾರೆ. ಅಂಚಿನಲ್ಲಿ ಕಲಾವಿದ ಕೈಯಿಂದಲೇ ಪುಟ್ಟ ಪೆನ್ಸಿಲ್ ಚಿತ್ರ ಬರೆದುಕೊಟ್ಟರೆ ಅದು ‘ರಿಮಾರ್ಕ್’. ಅಂಥ ಪ್ರತಿಗೆ ಬೆಲೆ ಹೆಚ್ಚು. ಸಹಿಗಳು ಹೆಚ್ಚಿದಷ್ಟೂ, ಸಹಿ ಮಾಡಿದವರು ವಿರಳವಾದಷ್ಟೂ ಬೆಲೆ ಏರುತ್ತದೆ.

ಸಹಿ ಬಯಸಿ ಸಂಗ್ರಾಹಕರು ಗೆದ್ದವರ ಬಳಿಗೆ ಮಾತ್ರ ಹೋಗಲಿಲ್ಲ. ಜರ್ಮನಿಯ ಹೆಸರಾಂತ ಪೈಲಟ್ ಅಡಾಲ್ಫ್ ಗಲಾಂಡ್ 1996ರಲ್ಲಿ ಸಾಯುವ ಮುನ್ನ ಇಂಥ ಹಲವು ಚಿತ್ರಗಳಿಗೆ ಸಹಿ ಹಾಕಿದ್ದಾರೆ. ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದವರು ಮುದಿವಯಸ್ಸಿನಲ್ಲಿ ಒಂದೇ ಮೇಜಿನ ಮುಂದೆ ಕೂತು, ಒಂದೇ ಕಾಗದದ ಮೇಲೆ ಹೆಸರು ಬರೆದರು. ಒಂದು ಚಿತ್ರದ ಅಂಚು ಸಂಧಾನದ ಜಾಗವಾಯಿತು.

ಈಗ ಆ ಕೈಗಳಿಲ್ಲ. 1940ರ ‘ಬ್ರಿಟನ್ ಕದನ’ದಲ್ಲಿ ಬ್ರಿಟನ್ನಿನ ಪರವಾಗಿ ಹಾರಿದ ಸುಮಾರು 2,900 ಮಂದಿಯಲ್ಲಿ ಕೊನೆಯವರಾಗಿ ಉಳಿದಿದ್ದ ಜಾನ್ ಹೆಮಿಂಗ್‌ವೇ 2025ರ ಮಾರ್ಚ್ 17ರಂದು ತಮ್ಮ 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯುದ್ಧದಲ್ಲಿ ನಾಲ್ಕು ಬಾರಿ ಅವರ ವಿಮಾನವನ್ನು ಹೊಡೆದುರುಳಿಸಲಾಗಿತ್ತು. ನಾಲ್ಕು ಬಾರಿಯೂ ಬದುಕಿ ಉಳಿದವರು. ಅವರೊಂದಿಗೆ ಆ ಕದನದ ಕಣ್ಣಾರೆ ಕಂಡ ಸಾಕ್ಷಿ ಮುಗಿಯಿತು. ಇನ್ನು ಮುಂದೆ ಹೊಸ ಚಿತ್ರ ಬರಬಹುದು, ಆದರೆ ‘ಹೌದು, ಹೀಗೇ ಇತ್ತು’ ಎನ್ನುವ ಸಹಿ ಬರಲಾರದು.

ಚಿತ್ರ ಹೇಳದ ಮಾತು

ಈ ಕಲೆಯ ಮೇಲೆ ಒಂದು ಗಂಭೀರವಾದ ಆಕ್ಷೇಪವಿದೆ. ಹೆತ್ತವರು ಅದನ್ನು ಕೇಳಿಸಿಕೊಳ್ಳಲೇಬೇಕು. ಈ ಚಿತ್ರಗಳಲ್ಲಿ ಆಕಾಶ ಸದಾ ಸುಂದರ. ಮೋಡಗಳ ಅಂಚಿಗೆ ಹೊನ್ನಿನ ಬಣ್ಣ. ವಿಮಾನಗಳು ಹೊಳೆಯುತ್ತವೆ. ಹೊಗೆ ಬರುತ್ತಿರುವುದು ಸಾಮಾನ್ಯವಾಗಿ ಎದುರಾಳಿಯ ವಿಮಾನದಿಂದ. ಆ ಹೊಗೆಯ ಒಳಗೂ ಒಬ್ಬನಿದ್ದಾನೆ ಎಂಬುದು ಕಾಣುವುದಿಲ್ಲ. ಸಾವು ಹೀಗೆ ಅಂದವಾಗಿ ಕಂಡರೆ ಮಕ್ಕಳಿಗೆ ಯುದ್ಧವೂ ಒಂದು ಆಟದಂತೆ ತೋರುವುದಿಲ್ಲವೇ?

ಆಕ್ಷೇಪದಲ್ಲಿ ಹುರುಳಿದೆ. ಬ್ರಿಟನ್ ಕದನ ನಡೆದದ್ದು ಜುಲೈ 10ರಿಂದ ಅಕ್ಟೋಬರ್ 31ರವರೆಗೆ, ನಾಲ್ಕು ತಿಂಗಳಿಗೂ ಕಡಿಮೆ. ಅಷ್ಟರಲ್ಲೇ ಆ 2,900 ಮಂದಿಯಲ್ಲಿ 544 ಮಂದಿ ಸತ್ತರು. ಉಳಿದವರಲ್ಲಿ ಇನ್ನೂ ಸುಮಾರು 800 ಮಂದಿ ಯುದ್ಧ ಮುಗಿಯುವ ಮುನ್ನ ಇಲ್ಲವಾದರು. ಅವರಲ್ಲಿ ಬಹಳಷ್ಟು ಜನ ಇಂದಿನ ಕಾಲೇಜು ವಿದ್ಯಾರ್ಥಿಗಳ ವಯಸ್ಸಿನವರು. ಸುಟ್ಟ ಮುಖ, ಸುಟ್ಟ ಕೈಗಳೊಂದಿಗೆ ಆಸ್ಪತ್ರೆ ಸೇರಿದವರೂ ಅನೇಕರು. ಸಹಿಗಳಿರುವ ಅಂಚಿನಲ್ಲಿ ಇವರ ಹೆಸರಿಲ್ಲ. ಏಕೆಂದರೆ ಸಹಿ ಹಾಕುವುದಕ್ಕೆ ಮೊದಲು ಬದುಕಿ ಉಳಿಯಬೇಕು.

ನ್ಯಾಷ್ ಅವರ ಸತ್ತ ಸಮುದ್ರದ ಚಿತ್ರವನ್ನು ಇಂಥ ಹೊಳೆಯುವ ಚಿತ್ರಗಳ ಪಕ್ಕದಲ್ಲಿಟ್ಟು ನೋಡುವುದು ಇದಕ್ಕಾಗಿಯೇ ಒಳ್ಳೆಯದು. ಒಂದು, ಅಂದು ಅಲ್ಲಿ ಏನಾಯಿತು ಎನ್ನುತ್ತದೆ. ಇನ್ನೊಂದು, ಕೊನೆಗೆ ಏನು ಉಳಿಯಿತು ಎನ್ನುತ್ತದೆ.

ಕೊಡಗಿನ ದೇವಯ್ಯ

ಸಾಕ್ಷಿ ಇಲ್ಲದ ಕಾಳಗಕ್ಕೆ ಎಂಥ ಗತಿ ಬರುತ್ತದೆಂಬುದನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಭಾರತದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು ಅಂದು ಕಾಯ್ದಿರಿಸಿದ ವಿಮಾನ. ದಾಳಿಯ ನಂತರ ಎಲ್ಲರೂ ಹಿಂದಿರುಗಿದರು, ದೇವಯ್ಯ ಬರಲಿಲ್ಲ. ಅವರಿಗೆ ಏನಾಯಿತೆಂದು ಈ ಕಡೆ ಯಾರಿಗೂ ಗೊತ್ತಿರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಪುಸ್ತಕ ಬರೆದಾಗ ನಿಜ ಬೆಳಕಿಗೆ ಬಂತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕ ನಿರ್ಮಿತ ಸ್ಟಾರ್‌ಫೈಟರ್ ವಿಮಾನದಲ್ಲಿ ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಒಂದು ಮಿಸ್ಟೇರ್ ಅನ್ನು ಹೊಡೆದಿದ್ದರು. ಏಟು ತಿಂದ ಮೇಲೂ ಆ ಮಿಸ್ಟೇರ್ ಹಿಂದೆ ಸರಿಯದೆ, ತನಗಿಂತ ಎಷ್ಟೋ ವೇಗದ ಆ ವಿಮಾನದ ಮೇಲೆ ತಿರುಗಿಬಿದ್ದು ಅದನ್ನೇ ಉರುಳಿಸಿತು. ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. ಮಿಸ್ಟೇರ್‌ನಲ್ಲಿದ್ದವರು ಬದುಕಲಿಲ್ಲ. ಅವರೇ ದೇವಯ್ಯ ಎಂದು ಖಚಿತವಾಗಿ, 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಸರ್ಕಾರ ಅವರಿಗೆ ಮರಣೋತ್ತರ ಮಹಾವೀರ ಚಕ್ರ ನೀಡಿತು.

ಇಲ್ಲಿಯೂ ಫೋಟೊ ಇಲ್ಲ. ಆ ಕ್ಷಣವನ್ನು ಬರೆಯಹೊರಟ ಚಿತ್ರಕಾರನಿಗೆ ಆಧಾರ ಎದುರಾಳಿಯ ಕಡೆಯಿಂದ ಬಂದ ಮಾತು. ದೇವಯ್ಯ ಅವರ ಸಹಿ ಯಾವ ಚಿತ್ರದ ಅಂಚಿನಲ್ಲೂ ಇರಲು ಸಾಧ್ಯವಿಲ್ಲ. ಆದರೆ ಅವರ ಶೌರ್ಯವನ್ನು ಮರೆಯದಂತೆ ಮಾಡಿದ್ದು, ಅವರು ಯಾರೊಂದಿಗೆ ಕಾದಾಡಿದರೋ ಆ ಕಡೆಯವರು ಇದ್ದುದನ್ನು ಇದ್ದಂತೆ ಹೇಳಿದ್ದು. ಬ್ರೌನ್ ಮತ್ತು ಸ್ಟಿಗ್ಲರ್ ಅವರ ಎರಡು ಸಹಿಗಳು ಹೇಳುವುದೂ ಇದನ್ನೇ. ಕಾಳಗದ ಪೂರ್ತಿ ಸತ್ಯ ಒಂದೇ ಕಡೆಯವರ ಬಳಿ ಇರುವುದಿಲ್ಲ.

ಗೋಡೆಗೆ ಹಾಕುವ ಮುನ್ನ

ಮಗನೋ ಮಗಳೋ ಇಂಥ ಚಿತ್ರ ಬೇಕೆಂದು ಹಟ ಹಿಡಿದರೆ ಬೇಡವೆನ್ನಬೇಕಿಲ್ಲ. ಆದರೆ ಇದನ್ನು ಚಿನ್ನ ಕೊಂಡಂತೆ ಹಣ ಹೂಡುವ ದಾರಿ ಎಂದು ತಿಳಿದರೆ ಮೋಸ ಹೋಗುವ ಸಂಭವವೇ ಹೆಚ್ಚು. ಮಿತ ಮುದ್ರಣ ಎಂದು ಹೇಳಿ ಸಾವಿರಗಟ್ಟಲೆ ಪ್ರತಿ ತೆಗೆದರೆ ಅದರಲ್ಲಿ ಅಪರೂಪವೇನೂ ಉಳಿಯದು. ಸಹಿಗಳಲ್ಲಿ ನಕಲಿಗಳೂ ಇರುತ್ತವೆ. ಪ್ರಕಾಶಕರ ಪ್ರಮಾಣಪತ್ರ ಇಲ್ಲದ ಪ್ರತಿಗೆ ಹೆಚ್ಚು ಹಣ ತೆರುವುದು ಜಾಣತನವಲ್ಲ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಬಣ್ಣವೂ ಸಹಿಯೂ ಮಾಸುತ್ತವೆ. ಇಷ್ಟಪಟ್ಟು ನೋಡುವವರಿಗೆ ಮಾತ್ರ ಇದು ಲಾಭದ ವ್ಯವಹಾರ.

ಕೊಳ್ಳುವುದಕ್ಕಿಂತ ಬರೆಯುವುದು ಇನ್ನೂ ಅಗ್ಗ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಜವಾದ ವಿಮಾನಗಳ ಮುಂದೆ ನಿಂತು ನೋಡಬಹುದು. ಅಲ್ಲಿರುವ ಮರುತ್ ವಿಮಾನಕ್ಕೂ ಈ ಚಿತ್ರಗಳ ಲೋಕಕ್ಕೂ ಒಂದು ನಂಟಿದೆ. ಮಹಾಯುದ್ಧದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಜರ್ಮನಿಯ ಫೋಕ್-ವುಲ್ಫ್ 190 ವಿಮಾನವನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ್ದೇ ಮರುತ್. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್ ಹಿಡಿದು ಅದರ ಮುಂದೆ ಒಂದು ಗಂಟೆ ಕೂತರೆ, ರೆಕ್ಕೆ ಮೈಗೆ ಸೇರುವ ಬಾಗು ಎಷ್ಟು ಕಷ್ಟವಾದದ್ದೆಂದು ಗೊತ್ತಾಗುತ್ತದೆ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಕಣ್ಣು ತಾನಾಗಿ ಹುಡುಕಲು ಕಲಿಯುತ್ತದೆ.

ಅಪ್ಪ ಅಮ್ಮಂದಿರಿಗೂ ಒಂದು ಪುಟ್ಟ ಕೆಲಸವಿದೆ. ಮಗು ಕಾಳಗದ ಚಿತ್ರ ತಂದು ತೋರಿಸಿದಾಗ ಚೆನ್ನಾಗಿದೆ ಎಂದು ಬೆನ್ನು ತಟ್ಟಿ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಹೊಗೆ ಉಗುಳುತ್ತಿರುವ ಆ ವಿಮಾನದಲ್ಲಿ ಯಾರಿದ್ದಾರೆ? ಅವರಿಗೆ ಎಷ್ಟು ವಯಸ್ಸಿರಬಹುದು? ಮನೆಯಲ್ಲಿ ಅವರಿಗಾಗಿ ಯಾರು ಕಾದಿದ್ದಾರೆ?